ಸೂರನ್ನೂ ಕೊಟ್ಟ ವೈದ್ಯಗುರು

ರೋಗಕ್ಕೆ ಸಮೀಪದ ಕಾರಣವೊಂದು, ದೂರದ ಕಾರಣವೊಂದು. ರೋಗಾಣು ಸಮೀಪದ ಕಾರಣ. ಬಡತನ, ಇಕ್ಕಟ್ಟಾದ ವಸತಿ, ಬಹಿಷ್ಕಾರಗಳು ಅದಕ್ಕೆ ದಾರಿ ತೆರೆಯುವ ದೂರದ ಕಾರಣಗಳು. ಎರಡಕ್ಕೂ ಸ್ಪಂದಿಸಿದವರು ಮಂಗಳೂರಿನ ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್.

1841ರಲ್ಲಿ ಜರ್ಮನಿಯಲ್ಲಿ ಜನಿಸಿ ಯೇಸುಸಭೆಯನ್ನು ಸೇರಿದ ಅವರು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು.

ಆದರೆ ಬರಿಯ ಔಷಧದಿಂದ ಎಲ್ಲರ ಕಷ್ಟ ತೀರುವಂತಿರಲಿಲ್ಲ. ಕುಷ್ಠರೋಗಿಯನ್ನು ಅಂದು ಮನೆಯವರೇ ಹೊರಗಿಡುತ್ತಿದ್ದರು. ಸೂರಿಲ್ಲದವನಿಗೆ ಔಷಧ ಕೊಟ್ಟು ಮರಳಿ ಬೀದಿಗೆ ಕಳುಹಿಸಿದರೆ ಫಲವೇನು? 1890ರಲ್ಲಿ ಮುಲ್ಲರ್ ಅವರು ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೇ ಕಟ್ಟಿಸಿದರು. ಇಲಿಗಳ ಚಿಗಟಗಳಿಂದ ಹರಡುವ ಪ್ಲೇಗು ಇಕ್ಕಟ್ಟಿನ ಕೇರಿಗಳಲ್ಲಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುವಂಥದು. ಜನರು ಹತ್ತಿರ ಸುಳಿಯಲು ಅಂಜುತ್ತಿದ್ದ ಆ ರೋಗಿಗಳಿಗೂ 1902ರಲ್ಲಿ ಆಸ್ಪತ್ರೆ ಸಿದ್ಧವಾಯಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ.

ಕುರಕುಂಟಾ, ಸೇಡಂ, ವಾಡಿ, ಶಹಾಬಾದ್‌ಗಳ ನಮ್ಮ ಸೀಮೆ ಕಲ್ಲುಗಣಿಗಳ, ಸಿಮೆಂಟಿನ ನಾಡು. ಧೂಳಿನಲ್ಲಿ ದುಡಿದು ಬಂದವನ ಕೆಮ್ಮಿಗೆ ಔಷಧ ಕೊಡಿಸುವುದು ಪುಣ್ಯಕಾರ್ಯವೇ ಸರಿ. ಧೂಳನ್ನು ತಗ್ಗಿಸಿರೆಂದು, ಶುದ್ಧ ನೀರು ಕೊಡಿರೆಂದು ಅವನ ಪರವಾಗಿ ಕೇಳುವುದೂ ಅಷ್ಟೇ ಪುಣ್ಯದ ಕೆಲಸ. ಪ್ರಿಯ ಕುಟುಂಬಗಳೇ, ರೋಗಿಯನ್ನು ಕಾಣಲು ಹೋದಾಗ ಅವರು ಬಾಳುವ ಮನೆಯನ್ನೂ ಒಮ್ಮೆ ಕಣ್ಣಿಟ್ಟು ನೋಡೋಣ.