ಖಾದಿ ತೊಟ್ಟಿದ್ದಕ್ಕೆ ತಪ್ಪಿದ ಡಿಗ್ರಿ, ಅಣುವಿನಲ್ಲಿ ಬದಲಾದ ಒಂದು ಗುಂಪು

ಸರ್ಕಾರಿ ಹೈಸ್ಕೂಲಿನಲ್ಲಿ ವಾರಕ್ಕೊಂದು ಸಲ ಕೊಡುವ ನೀಲಿ ಮಾತ್ರೆ ಗೊತ್ತಲ್ಲ? ನಾವದನ್ನು ಕಬ್ಬಿಣದ ಮಾತ್ರೆ ಅಂತಲೇ ಕರೀತೀವಿ. ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ ಕೂಡ ಇರುತ್ತೆ. ಅದನ್ನು ನೋಡಿದಾಗಲೆಲ್ಲ ನನಗೆ ಯಲ್ಲಾಪ್ರಗಡ ಸುಬ್ಬರಾವ್ ನೆನಪಾಗುತ್ತಾರೆ. ದೇಶ ಮರೆತ ಮಹಾನ್ ವಿಜ್ಞಾನಿ ಎಂದು ಅವರ ಫೋಟೋ ಆಗಾಗ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತೆ. ಹೆಮ್ಮೆ ಪಡೋಣ, ಅಡ್ಡಿಯಿಲ್ಲ. ಆದರೆ ಅವರು ದೇಶ ಬಿಟ್ಟಿದ್ದು ಯಾಕೆ, ಮಾಡಿದ ಕೆಲಸ ಏನು ಅನ್ನೋದನ್ನು ಆ ಫಾರ್ವರ್ಡ್‌ಗಳು ಹೇಳೋದಿಲ್ಲ.

1895ರಲ್ಲಿ ಮದ್ರಾಸ್ ಪ್ರಾಂತ್ಯದ ಭೀಮವರದಲ್ಲಿ ಹುಟ್ಟಿದ ಸುಬ್ಬರಾವ್ ಮೆಟ್ರಿಕ್ ಪಾಸಾಗಿದ್ದೇ ಮೂರನೇ ಸಲಕ್ಕೆ. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದಾಗ ಗಾಂಧಿಯ ಕರೆ ಕಿವಿಗೆ ಬಿತ್ತು. ಆಪರೇಷನ್ ಥಿಯೇಟರಿಗೂ ಖಾದಿ ಗೌನ್ ತೊಟ್ಟು ಹೋದರು. ಸರ್ಜರಿ ಕಲಿಸುತ್ತಿದ್ದ ಬ್ರಿಟಿಷ್ ಪ್ರೊಫೆಸರ್‌ಗೆ ಅದು ಹಿಡಿಸಲಿಲ್ಲ. ಉಳಿದ ಪೇಪರುಗಳನ್ನು ಚೆನ್ನಾಗಿ ಬರೆದಿದ್ದರೂ ಎಂಬಿಬಿಎಸ್ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲೂ ತೆರೆಯಲಿಲ್ಲ. ಅಷ್ಟರಲ್ಲಿ ಸ್ಪ್ರೂ ಎಂಬ ಕಾಯಿಲೆ ಇಬ್ಬರು ಸಹೋದರರನ್ನು ತೆಗೆದುಕೊಂಡು ಹೋಗಿತ್ತು. ತಿಂದ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ ಸಾಯಿಸುವ ಕಾಯಿಲೆ ಅದು.

1922ರಲ್ಲಿ ಅವರು ಬಾಸ್ಟನ್‌ಗೆ ಹೋದರು. ಹಾರ್ವರ್ಡ್‌ನಲ್ಲಿ ಓದು, ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಪೋರ್ಟರ್ ಕೆಲಸ. ಮರುವರ್ಷವೇ ಅಮೆರಿಕದ ಸುಪ್ರೀಂ ಕೋರ್ಟ್, ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ಸುಬ್ಬರಾವ್ ಕೊನೆವರೆಗೂ ಅಮೆರಿಕದ ಪ್ರಜೆಯಾಗಲಿಲ್ಲ. ಊರಲ್ಲಿ ಬಿಟ್ಟುಬಂದ ಹೆಂಡತಿಯ ಬಳಿಗೂ ಮರಳಲಿಲ್ಲ. ಆ ಹೆಣ್ಣುಮಗಳು ತೆತ್ತ ಬೆಲೆಯನ್ನು ಯಾವ ಫಾರ್ವರ್ಡೂ ಲೆಕ್ಕ ಹಾಕಲ್ಲ.

ಇನ್ನು ಕೆಲಸ. ಜೀವಿಗಳ ಅಣುಗಳಿಗೆ ಮೈಯೆಲ್ಲ ಇಂಗಾಲದ ಹಂದರ. ಆದರೆ ಅಣು ಹೇಗೆ ವರ್ತಿಸುತ್ತೆ ಅನ್ನೋದನ್ನು ಬಹುಪಾಲು ತೀರ್ಮಾನಿಸೋದು ಆ ಹಂದರಕ್ಕೆ ಅಂಟಿಕೊಂಡ ಪರಮಾಣುಗಳ ಸಣ್ಣ ಸಣ್ಣ ಗುಂಪುಗಳು. ಇವನ್ನೇ ಕ್ರಿಯಾ ಗುಂಪು ಅನ್ನೋದು. ಸೈರಸ್ ಫಿಸ್ಕ್ ಜೊತೆ ಸುಬ್ಬರಾವ್ ಮೊದಲು ಬೆನ್ನು ಹತ್ತಿದ್ದು ಇಂಥದ್ದೊಂದನ್ನು: ಫಾಸ್ಫೇಟ್. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಬಯೋಕೆಮಿಸ್ಟ್ರಿ ಲ್ಯಾಬುಗಳಲ್ಲಿ ಅದಕ್ಕೆ ಇವತ್ತಿಗೂ ಇಬ್ಬರದೂ ಹೆಸರಿದೆ.

1929ರಲ್ಲಿ ಅವರು ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿದರು. ಸಾಲಾಗಿ ಮೂರು ಫಾಸ್ಫೇಟ್ ಗುಂಪು, ಮೂರಕ್ಕೂ ಋಣ ವಿದ್ಯುದಂಶ, ಒಂದನ್ನೊಂದು ತಳ್ಳುತ್ತಾ ನಿಂತಿರುತ್ತವೆ. ನೀರಿನೊಡನೆ ವರ್ತಿಸಿ ತುದಿಯದು ಕಳಚಿದರೆ ಶಕ್ತಿ ಹೊರಬರುತ್ತೆ. ನಿಮ್ಮ ಕೈಕಾಲು ಆಡೋದು ಅದರಿಂದಲೇ. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿಯನ್ನು ಕಂಡುಹಿಡಿದಿದ್ದರು. ಈ ಮಾತು ಬಿಟ್ಟು ಬರೀ ನಮ್ಮವರು ಅಂದರೆ ಅದು ಅರ್ಧ ಸತ್ಯ.

ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಸುಬ್ಬರಾವ್ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಅದಕ್ಕೂ ಹತ್ತು ವರ್ಷ ಹಿಂದೆ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬೈಯಲ್ಲಿ ಬಟ್ಟೆ ಗಿರಣಿ ಕಾರ್ಮಿಕ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟ್‌ನಲ್ಲಿರುವ ಏನೋ ಒಂದು ಅದನ್ನು ಗುಣಪಡಿಸುತ್ತೆ ಎಂದು ತೋರಿಸಿದ್ದರು. ಆ ಏನೋ ಒಂದೇ ಫೋಲಿಕ್ ಆಸಿಡ್. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು ಸುಬ್ಬರಾವ್ ಮುಂದಾಳತ್ವದ ತಂಡ. ಸ್ಪ್ರೂ ರೋಗಿಗಳ ರಕ್ತಹೀನತೆಗೂ ಅದು ಮದ್ದಾಯಿತು. ಸಹೋದರರ ಪಾಲಿಗೆ ಮಾತ್ರ ತಡವಾಗಿತ್ತು.

ನನಗೆ ಅತಿ ದೊಡ್ಡದು ಅನ್ನಿಸೋದು ಇದರ ಮುಂದಿನ ಹೆಜ್ಜೆ. ಜೀವಕೋಶ ಒಡೆದು ಎರಡಾಗಲು ಹೊಸ ಡಿಎನ್‌ಎ ಬೇಕು, ಅದಕ್ಕೆ ಫೋಲಿಕ್ ಆಸಿಡ್ ಬೇಕು. ಕ್ಯಾನ್ಸರ್ ಕೋಶಕ್ಕೂ ಬೇಕು. ಡೋರಿಸ್ ಸೀಗರ್ ಮತ್ತು ಜೊತೆಗಾರರು ಫೋಲಿಕ್ ಆಸಿಡ್ಡಿನ ಒಂದು ಜಾಗದಲ್ಲಿದ್ದ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಮೈನೋ ಗುಂಪು ಕೂರಿಸಿದರು. ಉಳಿದಂತೆ ಅಣು ಅದೇ. ಹೆಸರು ಅಮಿನಾಪ್ಟೆರಿನ್. ಫೋಲಿಕ್ ಆಸಿಡ್ ಬಳಕೆಗೆ ಬೇಕಾದ ಕಿಣ್ವ ಇದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತೆ, ಕೆಲಸ ನಿಲ್ಲುತ್ತೆ. ಅನ್ನ ವಿಷವಾಯಿತು, ಆ ವಿಷ ಔಷಧವಾಯಿತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. ತಾತ್ಕಾಲಿಕವಾಗಿ, ನಿಜ. ಆದರೆ ಅಲ್ಲಿವರೆಗೆ ಆ ಮಕ್ಕಳಿಗೆ ಅಷ್ಟೂ ಇರಲಿಲ್ಲ. ಇದರ ಹತ್ತಿರದ ನೆಂಟ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ. ಆನೆಕಾಲು ರೋಗ ತಡೆಗೆ ಕಲಬುರಗಿ, ಬೀದರ್ ಕಡೆ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯೂ ಲೆಡರ್ಲೆಯ ಇದೇ ತಂಡದ್ದು.

ಫಾರ್ಬರ್ ವರದಿ ಪ್ರಕಟವಾದದ್ದು 1948ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸುಬ್ಬರಾವ್ ನ್ಯೂಯಾರ್ಕ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53.

ಇದನ್ನು ಒಬ್ಬನೇ ಮಹಾಪುರುಷನ ಕತೆ ಮಾಡೋದು ನನಗಿಷ್ಟವಿಲ್ಲ. ಇದರಲ್ಲಿ ಗಿರಣಿಯ ಹೆಂಗಸರಿದ್ದಾರೆ, ವಿಲ್ಸ್ ಇದ್ದಾರೆ, ಸೀಗರ್ ಇದ್ದಾರೆ, ಆ 16 ಮಕ್ಕಳಿದ್ದಾರೆ. ಆದರೆ ಒಂದು ಪ್ರಶ್ನೆ ಸುಬ್ಬರಾವ್ ಅವರಿಂದಲೇ ಏಳುತ್ತೆ. ತೊಟ್ಟ ಬಟ್ಟೆ ನೋಡಿ ವಿದ್ಯಾರ್ಥಿಯ ಡಿಗ್ರಿ ತೀರ್ಮಾನಿಸಿದ್ದು ಪರಕೀಯರ ಆಡಳಿತ ಅಂದು ಸಮಾಧಾನ ಪಡಬಹುದು. ಇವತ್ತು ಆಡಳಿತ ನಮ್ಮದೇ. ಬಟ್ಟೆ ನೋಡಿ, ಘೋಷಣೆ ಕೇಳಿ, ಜಾತಿ ವಿಚಾರಿಸಿ ಕ್ಯಾಂಪಸ್ಸಿನಿಂದ ಯಾರನ್ನೂ ಹೊರಗೆ ಕಳಿಸ್ತಾ ಇಲ್ಲ ಅಂತ ನಾವು ಹೇಳಬಲ್ಲೆವಾ? ಮುಂದಿನ ಸಲ ಆ ಫೋಟೋ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಇದಕ್ಕೊಂದು ಉತ್ತರ ಹುಡುಕೋಣ.