ಪೊಟ್ಟಿ ಶ್ರೀರಾಮುಲು: 58 ದಿನದ ಉಪವಾಸ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಹಿರಿಯರೊಬ್ಬರ ಜೀವನ ಬರೆದುಕೊಡಿ ಎಂದಾಗ ನನಗೆ ನೆನಪಾದವರು ಪೊಟ್ಟಿ ಶ್ರೀರಾಮುಲು. ಅವರು ತೆಲುಗರು. ಆದರೂ ನಮ್ಮ ಬಳ್ಳಾರಿ ಸೀಮೆ ಕನ್ನಡದ ಕಡೆಗೆ ಸೇರಿದ್ದಕ್ಕೂ ಅವರ ಉಪವಾಸಕ್ಕೂ ನಂಟಿದೆ.

ಶ್ರೀರಾಮುಲು ಹುಟ್ಟಿದ್ದು 1901ರ ಮಾರ್ಚ್ 16ರಂದು, ಮದ್ರಾಸಿನಲ್ಲಿ. ಮನೆತನ ನೆಲ್ಲೂರು ಜಿಲ್ಲೆಯದು. ಮುಂಬಯಿಯಲ್ಲಿ ಸ್ಯಾನಿಟರಿ ಇಂಜಿನಿಯರಿಂಗ್ ಓದಿ ರೈಲ್ವೆ ನೌಕರಿಯಲ್ಲಿದ್ದರು. ಹೆಂಡತಿ, ಕೂಸು ಇಬ್ಬರೂ ತೀರಿಕೊಂಡ ಮೇಲೆ ನೌಕರಿ ಬಿಟ್ಟು ಸಾಬರಮತಿಗೆ, ಗಾಂಧೀಜಿ ಹತ್ತಿರ ಹೋದರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು. 1946ರಲ್ಲಿ ನೆಲ್ಲೂರಿನ ವೇಣುಗೋಪಾಲಸ್ವಾಮಿ ಗುಡಿಯೊಳಗೆ ದಲಿತರನ್ನು ಬಿಡಬೇಕೆಂದು ಉಪವಾಸ ಕೂತರು. ಗುಡಿ ಬಾಗಿಲು ತೆರೆಯಿತು.

ಆಗ ಆಂಧ್ರದ ತೆಲುಗರೆಲ್ಲ ಮದ್ರಾಸ್ ರಾಜ್ಯದಲ್ಲಿದ್ದರು, ಪ್ರತ್ಯೇಕ ರಾಜ್ಯ ಕೇಳುತ್ತಿದ್ದರು. 1951ರಲ್ಲಿ ಸ್ವಾಮಿ ಸೀತಾರಾಮ್ 35 ದಿನ ಉಪವಾಸ ಮಾಡಿ ವಿನೋಬಾ ಭಾವೆಯವರ ಮಾತಿಗೆ ಬಿಟ್ಟರು. ಕೆಲಸ ಆಗಲಿಲ್ಲ. 1952ರ ಅಕ್ಟೋಬರ್ 19ರಂದು ಶ್ರೀರಾಮುಲು ಮದ್ರಾಸಿನ ಮೈಲಾಪುರದಲ್ಲಿ, ಬುಲುಸು ಸಾಂಬಮೂರ್ತಿಯವರ ಮನೆಯಲ್ಲಿ ಉಪವಾಸಕ್ಕೆ ಕೂತರು. ದೆಹಲಿ ಬೇಗ ಕಿವಿಗೊಡಲಿಲ್ಲ. ಇವರೂ ಬಿಡಲಿಲ್ಲ. ಡಿಸೆಂಬರ್ 15ರ ರಾತ್ರಿ ಪ್ರಾಣ ಹೋಯಿತು.

ಆಮೇಲೆ ಆದದ್ದನ್ನು ನಾವು ಗಮನಿಸಬೇಕು. ಬದುಕಿದ್ದಾಗ ಯಾರಿಗೂ ನೋವು ಮಾಡದ ಗಾಂಧಿವಾದಿಯ ಹೆಸರಿನಲ್ಲಿ ಜನ ರೈಲು ತಡೆದರು, ಸ್ಟೇಷನ್ನುಗಳನ್ನು ಒಡೆದರು. ಗೋಲಿಬಾರಿನಲ್ಲಿ ಹಲವರು ಸತ್ತರು. ನಿಲ್ಲಿಸಿರಪ್ಪ ಅಂತ ಹೇಳೋದಕ್ಕೆ ಅವರೇ ಇರಲಿಲ್ಲ. ನಾಲ್ಕೇ ದಿನಕ್ಕೆ, ಡಿಸೆಂಬರ್ 19ರಂದು, ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ಉಪವಾಸಕ್ಕೆ ಮಣಿಯದ ಸರ್ಕಾರ ಗಲಾಟೆಗೆ ಮಣಿಯಿತು ಅನ್ನೋ ಪಾಠವನ್ನೇ ಬಹಳ ಜನ ಕಲಿತರು. ಇದು ಒಳ್ಳೇ ಪಾಠ ಅಲ್ಲ. ತಪ್ಪು ಬೀದಿಗಿಳಿದವರದು ಎಷ್ಟೋ, ತಡಮಾಡಿದ ಸರ್ಕಾರದ್ದೂ ಅಷ್ಟೇ.

1953ರ ಅಕ್ಟೋಬರ್ 1ರಂದು ಆಂಧ್ರ ಆಯಿತು. ತೆಲುಗರು ಬಯಸಿದ್ದ ಮದ್ರಾಸ್ ನಗರ ಸಿಗಲಿಲ್ಲ, ಕರ್ನೂಲು ರಾಜಧಾನಿಯಾಯಿತು. ಅದೇ ದಿನ ಬಳ್ಳಾರಿ ಜಿಲ್ಲೆ ಒಡೆದು, ಬಹುಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಲ್ಲಿನ ಕನ್ನಡಿಗರ ಪಾಡು ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗಾಯಿತು. ಅದೇ ವರ್ಷ ರಾಜ್ಯ ಪುನರ್ವಿಂಗಡಣಾ ಆಯೋಗ ಬಂದು, 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಒಬ್ಬರ ಉಪವಾಸದ ಫಲ ಎಲ್ಲೆಲ್ಲಿಗೋ ಮುಟ್ಟಿತು, ನಷ್ಟವೂ ಮುಟ್ಟಿತು.

2008ರಲ್ಲಿ ನೆಲ್ಲೂರು ಜಿಲ್ಲೆಗೆ ಅವರ ಹೆಸರಿಟ್ಟರು. ಅವರ ತ್ಯಾಗ ದೊಡ್ಡದು, ಎರಡು ಮಾತಿಲ್ಲ.

ನಾವು ರೈತರೂ ಕಾಲುವೆ ನೀರಿಗೆ, ಬೆಂಬಲ ಬೆಲೆಗೆ ರಸ್ತೆಗಿಳಿಯುತ್ತೇವೆ. ಇಳಿಯಲೇಬೇಕಾಗುತ್ತದೆ. ಆದರೆ ರಸ್ತೆ ತಡೆದಾಗ ನಿಲ್ಲುವ ಗಾಡಿಯಲ್ಲಿ ಇನ್ನೊಬ್ಬ ರೈತನ ಟೊಮ್ಯಾಟೊ ಇರುತ್ತದೆ, ಹೆರಿಗೆಗೆ ಹೊರಟ ಹೆಣ್ಣುಮಗಳು ಇರುತ್ತಾಳೆ. ಆದ್ದರಿಂದ ಚಳವಳಿ ಶುರು ಮಾಡೋಕೆ ಮುಂಚೆ, ಕೈಮೀರಿದರೆ ನಿಲ್ಲಿಸೋರು ಯಾರು ಅನ್ನೋದನ್ನ ಸಭೆಯಲ್ಲಿ ತೀರ್ಮಾನಿಸಿಯೇ ಹೊರಡೋಣ. ಸದಸ್ಯ ಬಾಂಧವರಲ್ಲಿ ಇದೇ ನನ್ನ ವಿನಂತಿ.