ಒಂದು ಹನಿಯಲ್ಲಿ ಅಳತೆ: ಅರ್ನ್‌ಸ್ಟ್ ಅಬ್ಬೆ (1840–1905)

ಮಕ್ಕಳೇ, ಬಸವಕಲ್ಯಾಣ, ಹುಮನಾಬಾದ ಕಡೆ ಖೋವಾ ಕಾಯಿಸುವುದನ್ನು ನೀವು ನೋಡಿರಬಹುದು. ಕಡಾಯಿಯಲ್ಲಿ ಎಮ್ಮೆಯ ಹಾಲು ಕುದಿಯುತ್ತಿರುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು. ನೀರು ಆವಿಯಾದಂತೆ ಹಾಲು ಗಟ್ಟಿಯಾಗುತ್ತದೆ. ಒಲೆಯಿಂದ ಯಾವಾಗ ಇಳಿಸಬೇಕು ಎಂಬುದು ಅನುಭವಿಗಳ ಕಣ್ಣಿಗೇ ಗೊತ್ತು.

ಸಕ್ಕರೆ ಬೆರೆಸಿ ಡಬ್ಬಿಯಲ್ಲಿ ತುಂಬುವ ಮಂದ ಹಾಲಿಗೆ ಕಣ್ಣಳತೆ ಸಾಲದು. ಎಮ್ಮೆಯ ಹಾಲಿನ 100 ಗ್ರಾಮಿನಲ್ಲಿ ಸುಮಾರು 83 ಗ್ರಾಂ ನೀರು. ಉಳಿದದ್ದು ಕೊಬ್ಬು, ಪ್ರೋಟೀನು, ಹಾಲಿನ ಸಕ್ಕರೆ, ಲವಣಗಳು. ಇದೇ ಘನಾಂಶ. ಮಂದ ಹಾಲಿನಲ್ಲಿ ನೀರು 27 ಗ್ರಾಮಿನಷ್ಟು ಮಾತ್ರ ಉಳಿಯಬೇಕು. ನೀರು ಹೆಚ್ಚಾದರೆ ಹಾಲು ಬೇಗ ಕೆಡುತ್ತದೆ. ಕಡಿಮೆಯಾದರೆ ಅತಿ ಗಟ್ಟಿಯಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಕೆಲವು ಹನಿ ತೆಗೆದು ವಕ್ರೀಭವನಮಾಪಕದಲ್ಲಿ ಪರೀಕ್ಷಿಸುತ್ತಾರೆ. ಈ ಉಪಕರಣಕ್ಕೆ ಸರಳ ರೂಪ ಕೊಟ್ಟವರೇ ಅರ್ನ್‌ಸ್ಟ್ ಅಬ್ಬೆ.

ಅಬ್ಬೆ 1840ರ ಜನವರಿ 23ರಂದು ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ ಜನಿಸಿದರು. ತಂದೆ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದರು. ದಿನಕ್ಕೆ 14ರಿಂದ 16 ಗಂಟೆ ನಿಂತೇ ಕೆಲಸ. ಬಾಲಕ ಅಬ್ಬೆ ಊಟ ಒಯ್ದರೆ, ತಂದೆ ಯಂತ್ರಕ್ಕೆ ಒರಗಿ ನಿಂತು ಅವಸರದಲ್ಲಿ ಉಣ್ಣುತ್ತಿದ್ದರು. ಈ ದುಡಿತದಿಂದ ಅವರು ಬೇಗನೆ ಮುದುಕರಾದರು. ಮಗ ಅದನ್ನು ಮರೆಯಲಿಲ್ಲ.

ಗಿರಣಿಯ ಮಾಲೀಕರ ನೆರವಿನಿಂದ ಅಬ್ಬೆ ಓದಿದರು. 1861ರಲ್ಲಿ ಡಾಕ್ಟರೇಟ್ ಪದವಿ ಪಡೆದು, 1863ರಿಂದ ಜೇನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1866ರಲ್ಲಿ ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಜೈಸ್ ಅವರನ್ನು ಕರೆಸಿಕೊಂಡರು. ಆಗ ಮಸೂರಗಳನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ನೋಡುವುದೇ ರೂಢಿಯಾಗಿತ್ತು. ಅಬ್ಬೆ ಅದನ್ನು ಮೊದಲೇ ಲೆಕ್ಕ ಹಾಕುವ ವಿಜ್ಞಾನವನ್ನಾಗಿ ಮಾಡಿದರು.

ಒಳ್ಳೆಯ ಮಸೂರಕ್ಕೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ತಿಳಿಯಬೇಕು. ಇದಕ್ಕಾಗಿಯೇ ಅವರು ವಕ್ರೀಭವನಮಾಪಕ ರಚಿಸಿ, 1874ರಲ್ಲಿ ಅದರ ವಿವರ ಪ್ರಕಟಿಸಿದರು. ದ್ರವವಾದರೆ ಎರಡು ಗಾಜಿನ ಪಟ್ಟಕಗಳ ನಡುವೆ ಒಂದೆರಡು ಹನಿ ಇಟ್ಟರೆ ಸಾಕು. ಕಣ್ಣಿಟ್ಟು ನೋಡಿದರೆ ಅರ್ಧ ಬೆಳಕು, ಅರ್ಧ ಕತ್ತಲೆ ಕಾಣುತ್ತದೆ. ದ್ರವದಲ್ಲಿ ಕರಗಿದ ಸಕ್ಕರೆ ಹೆಚ್ಚಿದಂತೆ ಬೆಳಕು ಹೆಚ್ಚು ಬಾಗಿ, ಇವೆರಡರ ನಡುವಿನ ಗೆರೆ ಸರಿಯುತ್ತದೆ. ಗೆರೆ ನಿಂತ ಅಂಕಿಯಿಂದ ಘನಾಂಶ ತಿಳಿಯುತ್ತದೆ. ಹಾಲಿನ ಕೊಬ್ಬು ಕರಗದೆ ಸಣ್ಣ ಹನಿಗಳಾಗಿ ತೇಲುವುದರಿಂದ, ಹಾಲಿಗೆ ಈ ಅಂಕಿಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಬಿಸಿ ಹೆಚ್ಚಾದರೆ ಅಂಕಿ ಇಳಿಯುತ್ತದೆ. ಆದ್ದರಿಂದ ಉಷ್ಣತೆಯನ್ನೂ ಗಮನಿಸಬೇಕು.

ಜೈಸ್ ತೀರಿಕೊಂಡ ಮರುವರ್ಷ, 1889ರಲ್ಲಿ, ಅಬ್ಬೆ ಕಾರ್ಲ್ ಜೈಸ್ ಪ್ರತಿಷ್ಠಾನ ಸ್ಥಾಪಿಸಿದರು. 1891ರಲ್ಲಿ ಕಾರ್ಖಾನೆಯ ತಮ್ಮ ಪಾಲನ್ನೇ ಅದಕ್ಕೆ ಬಿಟ್ಟುಕೊಟ್ಟರು. ಕಾರ್ಮಿಕರಿಗೆ ಸಂಬಳ ಸಹಿತ ರಜೆ, ಪಿಂಚಣಿ ದೊರೆತವು. 1900ರಲ್ಲಿ ಕೆಲಸದ ಅವಧಿ 9 ಗಂಟೆಯಿಂದ 8ಕ್ಕೆ ಇಳಿಯಿತು. ಇದರಿಂದ ಉತ್ಪಾದನೆ ಕುಸಿದೀತೆ? ಅಬ್ಬೆ ಇದನ್ನೂ ಅಳೆದರು. ಹಿಂದಿನ ವರ್ಷದ ಲೆಕ್ಕದೊಡನೆ ಹೋಲಿಸಿದಾಗ ಉತ್ಪಾದನೆ ಕುಸಿಯುವ ಬದಲು ತುಸು ಏರಿತ್ತು! ದಣಿಯದ ಕೈ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಅಂಕಿ ಅಂಶವೇ ಸಾಕ್ಷಿಯಾಯಿತು. ಅಬ್ಬೆ 1905ರ ಜನವರಿ 14ರಂದು ಜೇನಾದಲ್ಲಿ ನಿಧನರಾದರು.

ಮಾಡಿ ನೋಡಿ: ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ತಣ್ಣಗಾದ ಗಟ್ಟಿ ಸಕ್ಕರೆ ಪಾಕ ತುಂಬಿ. ಎರಡರಲ್ಲೂ ಪೆನ್ಸಿಲನ್ನು ಒಂದೇ ಓರೆಯಲ್ಲಿ ಇಟ್ಟು ಪಕ್ಕದಿಂದ ನೋಡಿ. ಯಾವುದರಲ್ಲಿ ಪೆನ್ಸಿಲು ಹೆಚ್ಚು ಮುರಿದಂತೆ ಕಾಣುತ್ತದೆ? ಏಕೆ? ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ.